ಕೆಂಪು ಟೋಪಿಯವರಿಗೆ ಅಡ್ಡಬಿದ್ದದ್ದು

ಇನ್ನೊಬ್ಬರ ಮನೆಗೆ ಅತಿಥಿಯಾಗಿ ಹೋಗುವುದು ಒಂದು ವಿದ್ಯೆ, ಅದು ಎಲ್ಲರಿಗೂ ಒಲಿಯುವುದಿಲ್ಲ, ನನಗೆ ಮಾತ್ರ ಧಾರಾಳವಾಗಿ ಒಲಿದಿದೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಈ ನಂಬಿಕೆಗೆ ನನ್ನ ಹೆಂಡತಿ ನಳಿನಿಯ ಬೆಂಬಲವಿಲ್ಲ. ಆದರೆ ಆಕೆಯ ಬೆಂಬಲವಿಲ್ಲದ ನನ್ನ ಎಷ್ಟೋ ನಂಬಿಕೆಗಳು ಆರೋಗ್ಯವಾಗಿಯೇ ಇವೆ. ಮೈಸೂರಿನಲ್ಲಿ ನಮ್ಮದು ದೊಡ್ಡ ಬಳಗ. ವರ್ಷವಿಡೀ ಯಾರದೋ ಮದುವೆ, ಯಾರದೋ ಮುಂಜಿ, ಯಾರದೋ ಗೃಹಪ್ರವೇಶ. ಹಾಗಾಗಿ ಎಲೆಯ ಮುಂದೆ ಯಾವ ಗಳಿಗೆಯಲ್ಲಿ ಕೂರಬೇಕು, ಎಷ್ಟು ಹೊತ್ತು ‘ಬೇಡ, ಬೇಡ’ ಎಂದ ಮೇಲೆ ಹೋಳಿಗೆ ಹಾಕಿಸಿಕೊಳ್ಳಬೇಕು, ಅಡುಗೆ ಪೂರ್ತಿ ಕೆಟ್ಟಿದ್ದರೆ ಏನನ್ನು ಹೊಗಳಬೇಕು ಎಂಬುದೆಲ್ಲ ನನಗೆ ಚಿಕ್ಕಂದಿನಲ್ಲೇ ಕರಗತವಾಗಿತ್ತು. ಕೊನೆಯದಕ್ಕೆ ಉತ್ತರ ಮಜ್ಜಿಗೆ. ಮಜ್ಜಿಗೆ ಕೆಡಿಸುವ ಅಡುಗೆಯವರನ್ನು ನಾನಿನ್ನೂ ನೋಡಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಮಸ್ಕಾರ. ಹಿರಿಯರು ಎದುರಾದ ಕೂಡಲೇ ನಮ್ಮಜ್ಜಿ ಹಿಂದಿನಿಂದ ಬಂದು ನನ್ನ ಕತ್ತಿನ ಮೇಲೆ ಎರಡು ಬೆರಳಿಟ್ಟು ಒತ್ತುತ್ತಿದ್ದಳು. ನಾನು ಸೊಂಟದವರೆಗೆ ಬಗ್ಗಿ ನಿಂತರೆ ಅವಳಿಗೆ ಸಮಾಧಾನವಿಲ್ಲ. “ಬಗ್ಗೋದಾದ್ರೆ ಪೂರ್ತಿ ಬಗ್ಗೋ. ಅರ್ಧಕ್ಕೆ ನಿಂತ್ರೆ ಅಂಗಿ ಗುಂಡಿ ಹುಡುಕ್ತಿರೋ ಹಾಗೆ ಕಾಣುತ್ತೆ” ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಹಿರಿಯರು ಸಾಲಾಗಿ ಕೂತಿರುತ್ತಿದ್ದರು. ನಾನು ಬಿದ್ದು, ಎದ್ದು, ಪಕ್ಕಕ್ಕೆ ಸರಿದು, ಮತ್ತೆ ಬಿದ್ದು, ಸಾಲಿನ ತುದಿ ಮುಟ್ಟುವ ಹೊತ್ತಿಗೆ ಅಂಗಿಯ ಮುಂಭಾಗದಿಂದ ಆ ಛತ್ರದ ನೆಲವೆಲ್ಲ ಗುಡಿಸಿದಂತಾಗಿರುತ್ತಿತ್ತು. ಈ ತರಬೇತಿ ಮೂಳೆಗಿಳಿದದ್ದು. ಇಂದಿಗೂ ಯಾರಾದರೂ ಹಿರಿಯರ ಮುಂದೆ ಸ್ವಲ್ಪ ಬಗ್ಗಿದೆನೆಂದರೆ, ಉಳಿದ ಕೆಲಸವನ್ನು ನನ್ನ ಮೈ ತಾನೇ ಮುಗಿಸಿಬಿಡುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆವತ್ತು ನಾನು ಇಟ್ಟುಕೊಂಡಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ನೈರೋಬಿಯಲ್ಲಿ ಗುಜರಾತಿ ಸೇಠರೊಬ್ಬರ ಔಷಧಿ ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮಾತ್ರೆಗಳನ್ನು ಹಾಳೆಯಲ್ಲಿ ಕೂರಿಸಿ ಸೀಲು ಮಾಡುವ ಹೊಸ ಮೆಷಿನ್ ಒಂದನ್ನು ಸೇಠರು ಜಪಾನಿನಿಂದ ತರಿಸಿದರು. ಮೆಷಿನ್ನಿನ ಜೊತೆಗೆ ಅದನ್ನು ನೋಡಿಕೊಳ್ಳಲು ಒಕಾಡಾ-ಸಾನ್ ಬಂದರು. ‘ಸಾನ್’ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಅದನ್ನು ಬಿಟ್ಟು ಬರೀ ಹೆಸರು ಹಿಡಿದು ಕರೆಯುವಂತಿಲ್ಲ. ಒಕಾಡಾ-ಸಾನ್ ಮಿತಭಾಷಿ. ಬೆಳಿಗ್ಗೆ ಬಂದು ಮೆಷಿನ್ನಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುವರು, ಜ್ವರ ಇದೆಯೋ ಇಲ್ಲವೋ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನಮ್ಮ ಆಪರೇಟರುಗಳು ಅದರ ಬಾಗಿಲನ್ನು ಧಡ್ಡೆಂದು ಮುಚ್ಚಿದರೆ ಅವರ ಮುಖ ಸಣ್ಣಗಾಗುತ್ತಿತ್ತು.

ಪಾರ್ಕ್‌ಲ್ಯಾಂಡ್ಸಿನಲ್ಲಿ ನಾವಿದ್ದ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ ಅವರ ಮನೆ. ಅವರ ಹೆಂಡತಿ ಸಚಿಕೋ-ಸಾನ್. ಆಕೆಯ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ನಳಿನಿ ಮೈಸೂರಿನಲ್ಲಿ ಹೈಸ್ಕೂಲು ಮೇಡಂ ಆಗಿದ್ದವಳು. ನನ್ನ ಕೆಲಸಕ್ಕಾಗಿ ಅದನ್ನು ಬಿಟ್ಟು ಬಂದವಳು ಇಲ್ಲಿ ಮೊದಲ ವರ್ಷವೆಲ್ಲ ಕಿಟಕಿಯಿಂದ ಬೀದಿಯ ಮಟಾಟು ವ್ಯಾನುಗಳನ್ನು ನೋಡುತ್ತ ಕಳೆದಳು. ನಾನು ಫ್ಯಾಕ್ಟರಿಗೆ, ಮಗಳು ಅನಘಾ ಶಾಲೆಗೆ ಹೋದರೆ ಮನೆಯಲ್ಲಿ ಮಾತಾಡಲು ಪ್ರೆಶರ್ ಕುಕ್ಕರ್ ಒಂದೇ. ಸಂಜೆ ನಾನು ಏನಾದರೂ ತಮಾಷೆ ಹೇಳಿದರೆ ನಗುತ್ತಿರಲಿಲ್ಲ. ತಮಾಷೆ ಚೆನ್ನಾಗಿಲ್ಲವೇನೋ ಎಂಬ ಅನುಮಾನ ನನಗೇ ಬರುವಷ್ಟು ಅವಳು ಮಂಕಾಗಿದ್ದಳು. ಹೀಗಿರುವಾಗ ಒಂದು ದಿನ ಸಾರಿನ ಒಗ್ಗರಣೆಯ ಇಂಗಿನ ವಾಸನೆ ಹಿಡಿದು ಸಚಿಕೋ-ಸಾನ್ ಮಹಡಿ ಇಳಿದು ಬಂದರು. ಬಾಗಿಲಲ್ಲಿ ನಿಂತು, ಮೂಗನ್ನು ಬೆರಳಿಂದ ತೋರಿಸಿ, “ಏನು ಇದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಳಿನಿ ಇಂಗಿನ ಡಬ್ಬಿ ತೋರಿಸಿದಳು. ಅಂದಿನಿಂದ ಮಹಡಿ ಮೆಟ್ಟಿಲ ಮೇಲೆ ಮಜ್ಜಿಗೆ ಮೆಣಸಿನಕಾಯಿ ಮೇಲಕ್ಕೂ ಉಪ್ಪು ಹಾಕಿದ ಮೂಲಂಗಿ ಕೆಳಕ್ಕೂ ಓಡಾಡತೊಡಗಿದವು. ನಳಿನಿ ಮತ್ತೆ ನಗತೊಡಗಿದಳು. ನನ್ನ ತಮಾಷೆಗಲ್ಲ ಎಂಬುದು ನಿಜ, ಆದರೂ ನಗುತ್ತಿದ್ದಳಲ್ಲ ಎಂದು ನನಗೆ ಮೇಲಿನ ಮಹಡಿಯವರ ಮೇಲೆ ಬಹಳ ಕೃತಜ್ಞತೆಯಿತ್ತು.

ಜುಲೈ ತಿಂಗಳಲ್ಲಿ, ನೈರೋಬಿಯ ಚಳಿ ಮೋಡ ಕವಿದು ಕೂತಿದ್ದಾಗ, ಸಚಿಕೋ-ಸಾನ್ ಬಂದು ಒಂದು ವಿಷಯ ಹೇಳಿದರು. ಒಕಾಡಾ-ಸಾನ್‌ಗೆ ಅರವತ್ತು ತುಂಬುತ್ತದೆ. ಅವರ ಪದ್ಧತಿಯಲ್ಲಿ ಅರವತ್ತಕ್ಕೆ ವರ್ಷಗಳ ಚಕ್ರ ಒಂದು ಸುತ್ತು ಮುಗಿದು ಮನುಷ್ಯ ಮತ್ತೆ ಮಗುವಾಗುತ್ತಾನೆ. ಆದ್ದರಿಂದ ಎಳೆಮಗುವಿಗೆ ಹಾಕುವಂಥ ತೋಳಿಲ್ಲದ ಕೆಂಪು ಅಂಗಿ, ಕೆಂಪು ಟೋಪಿ ತೊಡಿಸುತ್ತಾರೆ. ತೊಡಿಸಬೇಕಾದವರು ಮಕ್ಕಳು. ಅವರ ಮಗನಿಗೂ ಮಗಳಿಗೂ ರಜೆ ಸಿಕ್ಕಿರಲಿಲ್ಲ. ಊರಿಂದ ಅಂಗಿ, ಟೋಪಿ ಮಾತ್ರ ಪಾರ್ಸೆಲ್ಲಿನಲ್ಲಿ ಬಂದಿದ್ದವು. “ಆ ದಿನ ನೀವಿಬ್ಬರೂ ಮಕ್ಕಳ ಜಾಗದಲ್ಲಿ ನಿಲ್ಲುತ್ತೀರಾ?” ಎಂದು ಸಚಿಕೋ-ಸಾನ್ ತಲೆ ಬಗ್ಗಿಸಿ ಕೇಳಿದರು. ನಳಿನಿಯ ಕಣ್ಣು ತುಂಬಿ ಬಂತು. ಅವಳು ಬಾಯಿ ತೆರೆಯುವ ಮೊದಲೇ ನಾನು “ಖಂಡಿತ, ಖಂಡಿತ” ಎಂದೆ. ನನಗಾಗಲೇ ನಲವತ್ತೈದು. ಅರವತ್ತರ ಅಪ್ಪನಿಗೆ ಇಷ್ಟು ಬೆಳೆದ ಮಗನೆಂದರೆ ಲೆಕ್ಕ ಸ್ವಲ್ಪ ಮುಜುಗರ ಹುಟ್ಟಿಸುತ್ತಿತ್ತು. ಆದರೆ ಶಾಸ್ತ್ರಕ್ಕೆ ನಿಂತವರು ಲೆಕ್ಕ ಹಾಕಬಾರದು.

ಆಕೆ ಮೇಲೆ ಹೋದ ಕೂಡಲೇ ನಳಿನಿ ನನ್ನ ಕಡೆ ತಿರುಗಿದಳು. “ನೋಡಿ, ಈ ಊರಲ್ಲಿ ನನಗೆ ಅಂತ ಇರೋದು ಅದೊಂದೇ ಮನೆ. ಅಲ್ಲಿ ನಿಮ್ಮ ಪಾಂಡಿತ್ಯ ಎಲ್ಲ ತೋರಿಸ್ಬೇಡಿ. ಅಂಗಿ ಹಾಕಿ, ಊಟ ಮಾಡಿ, ಸುಮ್ನೆ ಕೂತ್ಕೊಳ್ಳಿ. ಏನಾದ್ರೂ ಎಡವಟ್ಟು ಮಾಡಿದ್ರೆ ನಾನು ಯಾವ ಮುಖ ಇಟ್ಕೊಂಡು ಆ ಮೆಟ್ಲು ಹತ್ತಲಿ?”

“ಅಲ್ವೇ, ಇದು ನಮ್ಮ ಷಷ್ಟಿಪೂರ್ತಿನೇ ಕಣೇ,” ಎಂದೆ ನಾನು. “ನಮ್ಮಲ್ಲೂ ಅರವತ್ತು ಸಂವತ್ಸರ, ಅವರಲ್ಲೂ ಅರವತ್ತು. ನನಗೆ ಗೊತ್ತಿಲ್ಲದ್ದು ಏನಿದೆ ಇದರಲ್ಲಿ?”

“ಅದೇ ನನ್ನ ಭಯ,” ಎಂದಳು ನಳಿನಿ. ಅನಘಾ ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ಪ್ಲೀಸ್ ಡೋಂಟ್ ಗಿವ್ ಎ ಸ್ಪೀಚ್” ಎಂದಳು. ನೈರೋಬಿಯಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಅಪ್ಪಂದಿರು ಅರ್ಥವಾಗುವುದಿಲ್ಲ.

ಆದರೂ ಜವಾಬ್ದಾರಿ ಎಂದರೆ ಜವಾಬ್ದಾರಿ. ಮರುದಿನವೇ ಆಫೀಸಿನ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಹಿಡಿದು ಕೂತೆ. ಆಗೆಲ್ಲ ಇಂಟರ್ನೆಟ್ಟು ಟೆಲಿಫೋನು ತಂತಿಯಲ್ಲಿ ಕೀಚುಗುಟ್ಟುತ್ತ ಬರುತ್ತಿತ್ತು; ಒಂದು ಪುಟ ಪೂರ್ತಿ ಮೂಡುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಇಂಥ ಸಮಾರಂಭಕ್ಕೆ ಹೋಗುವ ಅತಿಥಿ ಹೇಗಿರಬೇಕೆಂದು ಓದಿ ಮನನ ಮಾಡಿಕೊಂಡೆ. ಉಡುಗೊರೆಯನ್ನು ಎರಡೂ ಕೈಯಲ್ಲಿ ಕೊಡಬೇಕು. ಅವರು ಅದನ್ನು ಎದುರಿಗೇ ಬಿಚ್ಚುವುದಿಲ್ಲ, ಬಿಚ್ಚಿ ಎಂದು ನಾವು ಜೀವ ತಿನ್ನಬಾರದು. ಚಹಾ ಕೊಡಬಾರದು, ಅದು ಸಾವಿನ ಮನೆಯ ನೆನಪು ತರುತ್ತದೆ. ಗಡಿಯಾರ ಬೇಡ, ‘ನಿಮ್ಮ ಕಾಲ ಮುಗಿಯುತ್ತ ಬಂತು’ ಎಂದ ಹಾಗಾಗುತ್ತದೆ. ಬಿಳಿ ಹೂವು ಬೇಡ. ಬಗ್ಗಿ ವಂದಿಸುವಾಗ ಕಿರಿಯರು ಹಿರಿಯರಿಗಿಂತ ಹೆಚ್ಚು ಬಗ್ಗಬೇಕು. ಓದು ಇಲ್ಲಿಗೆ ಬಂದಾಗ ಅಕೌಂಟ್ಸಿನವರು ಯಾರಿಗೋ ಫ್ಯಾಕ್ಸ್ ಕಳಿಸಲು ಫೋನೆತ್ತಿದರು, ಲೈನ್ ಕಡಿದುಹೋಯಿತು. ಪುಟದ ಕೆಳಭಾಗದಲ್ಲಿ ಇನ್ನೂ ಏನೋ ಇತ್ತು. ಎಷ್ಟು ಬಗ್ಗಬೇಕು ಎಂದು ಹೇಳಿದವರು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೂ ಅಲ್ಲೇ ಹೇಳಿರಬೇಕು.

ಇಷ್ಟು ಜ್ಞಾನ ಒಳಗೆ ಹೋದ ಮೇಲೆ ಹೊರಗೆ ಬರದೇ ಇರುತ್ತದೆಯೇ? ನಳಿನಿ ಉಡುಗೊರೆಗೆಂದು ತಂದಿಟ್ಟಿದ್ದ ಕೆರಿಚೋ ಚಹಾದ ಚೆಂದದ ಪೆಟ್ಟಿಗೆಯನ್ನು ರದ್ದು ಮಾಡಿದೆ. ಅವಳು ಹಲ್ಲು ಕಚ್ಚಿಕೊಂಡು ಮಾರುಕಟ್ಟೆಗೆ ಹೋಗಿ ಮಸಾಯಿಗಳು ಹೊದೆಯುವ ಕೆಂಪು ಚೌಕುಳಿಯ ಶುಕಾ ತಂದಳು. ಕೆಂಪು ಬಣ್ಣ ಶುಭ, ಚಳಿಗೂ ಆಗುತ್ತದೆ ಎಂದು ಅದಕ್ಕೆ ಒಪ್ಪಿಗೆ ಕೊಟ್ಟೆ. ಪಕ್ಕದ ಫ್ಲಾಟಿನ ಲೋಬೋ, ಮಂಗಳೂರಿನವರು, ಗೋಡೆ ಗಡಿಯಾರ ಕೊಳ್ಳುವವರಿದ್ದರು. ಅವರನ್ನೂ ತಡೆದೆ.

“ಎಂತ ಮಾರಾಯ್ರೆ ನಿಮ್ಮದು?” ಎಂದರು ಲೋಬೋ. “ಗಡಿಯಾರ ಬೇಡ, ಚಾ ಬೇಡ, ಹೂ ಬೇಡ. ಮತ್ತೆಂತ ಕೊಡುದು, ಒಂದು ಗೋಣಿ ತೆಂಗಿನಕಾಯಿಯಾ?”

ಭಾನುವಾರ ಮಧ್ಯಾಹ್ನ ನಾವು ಮಹಡಿ ಹತ್ತಿದೆವು. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಬಿಟ್ಟವರಿಗೆ ಮನೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟರು. ಮನೆಯೊಳಗೆ ಚಪ್ಪಲಿ! ಮನಸ್ಸಿನಲ್ಲೇ ಅಜ್ಜಿಯ ಕ್ಷಮೆ ಕೇಳಿ ಹಾಕಿಕೊಂಡೆ. ನಾಲ್ಕಾರು ಜಪಾನಿ ಕುಟುಂಬದವರು ಬಂದಿದ್ದರು. ನಮ್ಮ ಸೇಠರು ಸೋಫಾದ ತುದಿಯಲ್ಲಿ ಕೋಟು ಬಿಗಿದು ಕೂತಿದ್ದರು. ಲೋಬೋ ಬಗಲಲ್ಲಿ ದುಂಡಗಿನ ಪೊಟ್ಟಣ ಹಿಡಿದು ಬಂದರು. ಅದು ಗಡಿಯಾರವೇ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ನಾನು ಶುಕಾದ ಪೊಟ್ಟಣವನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ. ಸಚಿಕೋ-ಸಾನ್ ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಚ್ಚದೆ, ಒಳಗಿಟ್ಟರು. ಎಲ್ಲ ಓದಿದ ಹಾಗೇ ನಡೆಯುತ್ತಿತ್ತು. ನಾನು ನಳಿನಿಯ ಕಡೆ ‘ನೋಡಿದೆಯಾ’ ಎಂಬಂತೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಟೋಪಿ ಇಟ್ಟಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಒಕಾಡಾ-ಸಾನ್ ನಡುಮನೆಯಲ್ಲಿ ಬೂದು ಸೂಟು ತೊಟ್ಟು, ಪರೀಕ್ಷೆಗೆ ಬಂದ ಹುಡುಗನಂತೆ ನೆಟ್ಟಗೆ ನಿಂತಿದ್ದರು. ನಾನು ಕೆಂಪು ಅಂಗಿಯನ್ನು ಅವರ ಹೆಗಲಿಗೇರಿಸಿದೆ. ಮನೆಯಲ್ಲಿ ದಿಂಬಿಗೆ ತೊಡಿಸಿ ಅಭ್ಯಾಸ ಮಾಡಿದ್ದೆನಾದ್ದರಿಂದ ಒಂದು ಸುಕ್ಕೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟಕ್ಕೆ ಹಿಂದೆ ಸರಿದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ. ನಾನು ಮಗನ ಸ್ಥಾನದಲ್ಲಿದ್ದವನು, ವಂದಿಸಬೇಕಲ್ಲ? ಬಗ್ಗಿದೆ. ಒಕಾಡಾ-ಸಾನ್ ಮರುವಂದನೆಗೆ ಬಗ್ಗಿದರು. ಅವರು ನನ್ನಷ್ಟೇ ಬಗ್ಗಿದ್ದಾರೆಂದು ಓರೆಗಣ್ಣಿಗೆ ಕಂಡಿತು. ಕಿರಿಯರು ಹೆಚ್ಚು ಬಗ್ಗಬೇಕು! ಇನ್ನಷ್ಟು ಬಗ್ಗಿದೆ. ಅವರು ಸಂಕೋಚದ ಮನುಷ್ಯ, ಅತಿಥಿಯ ಮರ್ಯಾದೆಗೆ ಅವರೂ ಇನ್ನಷ್ಟು ಬಗ್ಗಿದರು. ನಾನು ಮತ್ತೂ ಬಗ್ಗಿದೆ. ಆಗ ನನ್ನ ಕತ್ತಿನ ಹಿಂದೆ ಎರಡು ಬೆರಳು ಒತ್ತಿದಂತಾಯಿತು. ಅಜ್ಜಿ ತೀರಿಕೊಂಡು ಎಷ್ಟು ಕಾಲವಾಗಿದ್ದರೇನು, ಬೆರಳು ನೈರೋಬಿಯವರೆಗೆ ಬಂದಿತ್ತು. ಮುಂದಿನ ಕ್ಷಣ ನಾನು ಒಕಾಡಾ-ಸಾನ್ ಪಾದದ ಮುಂದೆ ಉದ್ದಕ್ಕೆ ಮಲಗಿದ್ದೆ. ಕೈ ಮುಂದೆ ಚಾಚಿ, ಹಣೆ ನೆಲಕ್ಕೆ ಹಚ್ಚಿ, ಮೈಸೂರು ಮೆಚ್ಚುವಂಥ ಸಾಷ್ಟಾಂಗ ನಮಸ್ಕಾರ.

ಚಪ್ಪಾಳೆ ನಿಂತಿತು. ನನ್ನ ಭಕ್ತಿಗೆ ಎಲ್ಲರೂ ಬೆರಗಾಗಿದ್ದಾರೆಂದುಕೊಂಡೆ. ಹಿರಿಯರು ಹರಸುವವರೆಗೆ ಏಳಬಾರದೆಂಬುದು ನಮ್ಮ ಮನೆಯ ನಿಯಮ, ಕಾದೆ. ಜುಲೈ ತಿಂಗಳ ನೆಲ ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು. ಹರಕೆ ಬರಲಿಲ್ಲ. ನನಗೆ ಕಾಣುತ್ತಿದ್ದದ್ದು ಒಕಾಡಾ-ಸಾನ್ ಅವರ ಬೂದು ಕಾಲುಚೀಲ ಮಾತ್ರ. ಅದು ಮೆಲ್ಲಗೆ ಹಿಂದೆ ಸರಿಯಿತು.

“ಮೂರ್ತಿ-ಸಾನ್,” ಎಂದು ಅವರ ಧ್ವನಿ ಇಂಗ್ಲಿಷಿನಲ್ಲಿ ನಡುಗುತ್ತ ಕೇಳಿಸಿತು. “ಮೆಷಿನ್‌ಗೆ ಏನಾಯಿತು?”

ನಾನು ಮಲಗಿದಲ್ಲಿಂದಲೇ ತಲೆ ಎತ್ತಿದೆ. “ಯಾವ ಮೆಷಿನ್?”

“ಹೇಳಿ. ನಾನು ಸಿಟ್ಟು ಮಾಡುವುದಿಲ್ಲ. ಎಷ್ಟು ಹಾಳಾಗಿದೆ?”

ಮೆಷಿನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸೇಠರು ಸೋಫಾದಿಂದ ಎದ್ದು ನಿಂತರು. “ಮೂರ್ತಿಭಾಯ್, ಕ್ಯಾ ಕಿಯಾ ತುಮ್‌ನೇ?”

ನನಗೆ ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಒಬ್ಬ ಗಂಡಸು ಇನ್ನೊಬ್ಬರ ಮುಂದೆ ನೆಲಕ್ಕೆ ಬಿದ್ದು ಹಣೆ ಹಚ್ಚುವುದು ಗೌರವಕ್ಕಲ್ಲ. ಬಾಯಲ್ಲಿ ಹೇಳಲಾಗದಂಥ ಘೋರ ತಪ್ಪು ಮಾಡಿ, ಬೇರೆ ದಾರಿ ಕಾಣದೆ, ಕ್ಷಮೆ ಬೇಡುವಾಗ ಹಾಗೆ ಬೀಳುತ್ತಾರೆ. ಅದೂ ಮೊಣಕಾಲೂರಿ. ನನ್ನಂತೆ ಪೂರ್ತಿ ಉದ್ದಕ್ಕೆ ಮಲಗಿದವರನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ. ಆದ್ದರಿಂದ ತಪ್ಪು ಕೂಡ ಯಾರೂ ಕಂಡು ಕೇಳರಿಯದ್ದು ಎಂದುಕೊಂಡರು. ಅರವತ್ತು ತುಂಬಿದ ಶುಭದಿನ, ಎಲ್ಲರೆದುರು, ಮಗನ ಜಾಗದಲ್ಲಿ ನಿಂತವನು ಮಹಾಪರಾಧವನ್ನು ಒಪ್ಪಿಕೊಂಡು ಬಿದ್ದಿದ್ದಾನೆ. ಸಚಿಕೋ-ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ಬಿಳಿಚಿಕೊಂಡಿದ್ದರು. ಅದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಮಾನ ಹೋದರೆ ಹೋಗಲಿ, ಅದಕ್ಕೆ ಹೋಗಿ ಬಂದು ಅಭ್ಯಾಸವಿದೆ. ನಳಿನಿಯ ಆ ಒಂದು ಮನೆ ಹೋಗುತ್ತದಲ್ಲ! ಏಳಲೂ ಧೈರ್ಯ ಬರದೆ ಅಲ್ಲೇ ಬಿದ್ದುಕೊಂಡಿದ್ದೆ.

ಆಗ ನಳಿನಿ ಟೋಪಿಯ ತಟ್ಟೆಯನ್ನು ಲೋಬೋ ಕೈಗೆ ಕೊಟ್ಟು ಮುಂದೆ ಬಂದಳು. ಹೈಸ್ಕೂಲಿನ ಧ್ವನಿಯಲ್ಲಿ, ಒಂದೊಂದೇ ಮಾತು ಬಿಡಿಸಿ, ಇಂಗ್ಲಿಷಿನಲ್ಲಿ ಹೇಳಿದಳು. “ಇವರು ಯಾವ ತಪ್ಪೂ ಮಾಡಿಲ್ಲ. ಇವತ್ತು ಮಾಡಿಲ್ಲ. ನಮ್ಮ ಊರಲ್ಲಿ ಅಪ್ಪನಿಗೆ ಅರವತ್ತಾದಾಗ ಮಗ ಹೀಗೆ ಕಾಲಿಗೆ ಬೀಳುತ್ತಾನೆ. ಅಪ್ಪ ತಲೆ ಮುಟ್ಟಿ ಒಳ್ಳೆಯ ಮಾತು ಹೇಳುವವರೆಗೂ ಏಳುವುದಿಲ್ಲ. ನಿಮ್ಮ ಮಗನ ಬದಲು ಇವರು ಬಿದ್ದಿದ್ದಾರೆ.” ಇಷ್ಟು ಹೇಳಿ, ಯಾವ ಪಾಂಡಿತ್ಯವೂ ಬೇಡವೆಂದಿದ್ದ ಅವಳೇ ಸೆರಗು ಹೊದ್ದು ನನ್ನ ಪಕ್ಕದಲ್ಲಿ ಮೊಣಕಾಲೂರಿ ತಲೆ ಬಗ್ಗಿಸಿದಳು. ನನಗೆ ಮಾತ್ರ ಕೇಳಿಸುವಂತೆ ಕನ್ನಡದಲ್ಲಿ, “ಮನೆಗೆ ಬನ್ನಿ, ಇದೆ ನಿಮಗೆ” ಎಂದೂ ಸೇರಿಸಿದಳು.

ಸಚಿಕೋ-ಸಾನ್ ಗಂಡನಿಗೆ ಜಪಾನಿ ಭಾಷೆಯಲ್ಲಿ ಏನೋ ಹೇಳಿದರು. ಒಕಾಡಾ-ಸಾನ್ ಮೊಣಕಾಲು ಲಟಕ್ಕೆನ್ನುತ್ತ ಕೂತು, ನನ್ನ ತಲೆಯ ಮೇಲೆ ಅಂಗೈ ಇಟ್ಟರು. ಬೆಳಿಗ್ಗೆ ಮೆಷಿನ್ನಿನ ಮೇಲೆ ಇಡುತ್ತಿದ್ದರಲ್ಲ, ಅದೇ ಕೈ, ಅಷ್ಟೇ ಹಗುರವಾಗಿ. ಒಂದು ವಾಕ್ಯ ಹೇಳಿದರು. ಅಲ್ಲಿದ್ದ ಜಪಾನಿಯರೆಲ್ಲ ಘೊಳ್ಳೆಂದು ನಕ್ಕರು. ಸಚಿಕೋ-ಸಾನ್ ಮಾತ್ರ ನಗುತ್ತಲೇ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಏನು ಹೇಳಿದರೆಂದು ಆಮೇಲೆ ಕೇಳಿದೆ. ಹರಸುವ ಮಾತು ಹೊಳೆಯದೆ, ಮಗನಿಗೆ ಫೋನಿನಲ್ಲಿ ಪ್ರತಿ ಸಲ ಹೇಳುವುದನ್ನೇ ಹೇಳಿದ್ದರಂತೆ: “ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊಟ್ಟೆ ತಣ್ಣಗಾಗದಂತೆ ನೋಡಿಕೋ.” ನಾನು ಆ ನೆಲದ ಮೇಲೆ ಮಲಗಿದ್ದ ಸಮಯಕ್ಕೆ ಅದಕ್ಕಿಂತ ಸೂಕ್ತವಾದ ಆಶೀರ್ವಾದ ನಮ್ಮ ಪುರೋಹಿತರಿಗೂ ಹೊಳೆಯುತ್ತಿರಲಿಲ್ಲ.

ನಳಿನಿ ಟೋಪಿ ತೊಡಿಸಿದಳು. ಕೆಂಪು ಅಂಗಿ, ಕೆಂಪು ಟೋಪಿಯಲ್ಲಿ ಒಕಾಡಾ-ಸಾನ್ ದೊಡ್ಡದೊಂದು ಮಗುವಿನ ಹಾಗೇ ಕಂಡರು. ಊಟಕ್ಕೆ ಅಲಸಂದೆಯಂಥ ಕೆಂಪು ಕಾಳು ಹಾಕಿ ಬೇಯಿಸಿದ ಅನ್ನವಿತ್ತು. ನಮಗಾಗಿ ಮೀನಿಲ್ಲದ ಪದಾರ್ಥಗಳನ್ನು ಬೇರೆ ಮಾಡಿದ್ದರು. ನನ್ನ ವಿದ್ಯೆಯಂತೆ ಮಜ್ಜಿಗೆ ಹುಡುಕುವ ಪ್ರಸಂಗ ಬರಲಿಲ್ಲ, ಎಲ್ಲವನ್ನೂ ಮನಸಾರೆ ಹೊಗಳಿದೆ. ಅಡುಗೆಮನೆಯಿಂದ ಹೆಂಗಸರಿಬ್ಬರ ನಗು ಕೇಳುತ್ತಿತ್ತು. ಇಣುಕಿದರೆ ಸಚಿಕೋ-ಸಾನ್ ಎರಡು ಕೈ ಚಾಚಿ, ಮೂತಿ ನೆಲಕ್ಕೆ ಮಾಡಿ, ನನ್ನನ್ನು ಅಭಿನಯಿಸುತ್ತಿದ್ದರು. ನಳಿನಿ ಸಿಂಕು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಕೊನೆಗೂ ನನ್ನ ತಮಾಷೆಗೆ ಅವಳು ನಕ್ಕಳೆಂದು ನಾನು ಲೆಕ್ಕಕ್ಕೆ ಹಿಡಿದುಕೊಂಡೆ. ಲೋಬೋ ಕೊಟ್ಟ ಗಡಿಯಾರವನ್ನು ಸಂಜೆಯೊಳಗೆ ನಡುಮನೆಯ ಗೋಡೆಗೆ ನೇತುಹಾಕಿದರೆಂದೂ ಕೇಳಿದೆ. ಆ ವಿಷಯ ಇಲ್ಲಿ ಬೆಳೆಸುವುದಿಲ್ಲ.

ಸೋಮವಾರ ಫ್ಯಾಕ್ಟರಿಗೆ ಹೋದಾಗ ಒಕಾಡಾ-ಸಾನ್ ನನಗಿಂತ ಮೊದಲೇ ಬಂದಿದ್ದರು. ಗೇಟಿನ ಚಳಿಯಲ್ಲಿ ಮಸಾಯಿ ಶುಕಾ ಹೊದ್ದು ನಡೆದು ಬಂದ ಜಪಾನಿಯನ್ನು ನೋಡಿ ನಮ್ಮ ಕಾವಲಿನ ಅಸ್ಕಾರಿ ಸಲ್ಯೂಟ್ ಹೊಡೆಯುವುದನ್ನೂ ಮರೆತನಂತೆ. ಒಳಗೆ ಬಿಳಿ ಕೋಟು ತೊಟ್ಟು, ಟಾರ್ಚು ಹಿಡಿದು, ಮೆಷಿನ್ನಿನ ಮುಚ್ಚಳಗಳನ್ನೆಲ್ಲ ಬಿಚ್ಚಿ ಸಾಲಾಗಿ ಜೋಡಿಸಿದ್ದರು. ಸೇಠರೂ ಪಕ್ಕದಲ್ಲೇ ನಿಂತು ಇಣುಕುತ್ತಿದ್ದರು.

“ಒಕಾಡಾ-ಸಾನ್, ನಿನ್ನೆ ನಳಿನಿ ಹೇಳಿದಳಲ್ಲ, ಅದು ಬರೀ ನಮಸ್ಕಾರ,” ಎಂದೆ.

“ಗೊತ್ತು, ಗೊತ್ತು,” ಎಂದು ನನ್ನ ಭುಜ ತಟ್ಟಿದರು. “ನೀವು ಮಗನ ಹಾಗೆ.” ಟಾರ್ಚನ್ನು ಮತ್ತೆ ಗೇರುಗಳ ಒಳಗೆ ತೂರಿಸಿದರು. “ಆದರೂ ನೋಡಿಬಿಡುತ್ತೇನೆ.”

ಸಂಜೆಯವರೆಗೂ ನೋಡಿದರು. ಏನೂ ಸಿಗಲಿಲ್ಲ. ಮುಚ್ಚಳ ಹಾಕಿ, ತೃಪ್ತರಾಗಿ, ನನ್ನತ್ತ ತಿರುಗಿ ಹಗುರವಾಗಿ ತಲೆ ಬಗ್ಗಿಸಿದರು. ನಾನು ಪಕ್ಕದ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು, ಕತ್ತಿನವರೆಗೆ ಮಾತ್ರ ಬಗ್ಗಿದೆ.

ಮನೆಗೆ ಬಂದು ಇದನ್ನು ನಳಿನಿಗೆ ರಸವತ್ತಾಗಿ ವರ್ಣಿಸಿದೆ. ನಾನು ಒಂದು ನಮಸ್ಕಾರ ಹಾಕಿದ್ದಕ್ಕೆ ಇಡೀ ಮೆಷಿನ್ ಬಿಚ್ಚಿ ನೋಡಬೇಕೇ, ಇದೆಂಥ ಅನುಮಾನ ಎಂದೆ. ಅವಳು ಮೇಲಿನ ಮನೆಗೆ ಕೊಡಲು ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

“ಪಾಪ, ಅವರು ನಿಮ್ಮನ್ನ ನೋಡಿರೋದು ಫ್ಯಾಕ್ಟರೀಲಿ ಮಾತ್ರ. ಅದಕ್ಕೆ ಒಂದೇ ಮೆಷಿನ್ ಬಿಚ್ಚಿದ್ರು,” ಎಂದಳು. “ನೀವು ನನ್ನ ಕಾಲಿಗೆ ಹಾಗೆ ಬಿದ್ದಿದ್ರೆ, ನಾನು ಈ ಮನೇಲಿ ಏನೇನು ಬಿಚ್ಚಿ ನೋಡ್ಬೇಕಾಗಿತ್ತೋ!”

ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಮೇಲಕ್ಕೆ ಹೋಯಿತು. ನಾನು ಕುರ್ಚಿಯಲ್ಲೇ ಕೂತು, ಅವಳಿಗೆ ಹೇಳದೆ ಉಳಿಸಿಕೊಂಡ ಒಂದೆರಡು ವಿಷಯಗಳನ್ನು ನೆನೆದು, ಮುಂದೆಂದೂ ಅವಳ ಮುಂದೆ ಬಗ್ಗಬಾರದೆಂದು ನಿರ್ಧರಿಸಿದೆ.